ಮಾವ ಕೂರುವ ಜಾಗ

ಆಟಗಾರ್ತಿಯರ ಕೋಣೆಯಲ್ಲಿ ಅವಳಿಗೆ ದೊಡ್ಡಕ್ಕ ಅಂತಲೇ ಹೆಸರು. ವಯಸ್ಸು ಮೂವತ್ಮೂರು. ಬ್ಯಾಂಕಿನಲ್ಲೋ ಶಾಲೆಯಲ್ಲೋ ಇದ್ದಿದ್ದರೆ ‘ಇನ್ನೂ ಚಿಕ್ಕವಳು, ಕಲೀತಾಳೆ ಬಿಡಿ’ ಅನ್ನುತ್ತಿದ್ದರು. ಟೆನಿಸ್ಸಿನಲ್ಲಿ ಆ ವಯಸ್ಸಿನವಳನ್ನು ಕಂಡರೆ ವರದಿಗಾರರು ಮೊದಲು ಮೊಣಕಾಲಿನ ಯೋಗಕ್ಷೇಮ ವಿಚಾರಿಸುತ್ತಾರೆ, ಆಮೇಲೆ ನಿವೃತ್ತಿ ಯಾವಾಗ ಎಂದು ಕೇಳುತ್ತಾರೆ. ದೊಡ್ಡಕ್ಕನ ಬಲ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿತ್ತು. ಆದರೂ ಈ ಸಲದ ಟೂರ್ನಮೆಂಟಿನಲ್ಲಿ ಅವಳು ಸೆಮಿಫೈನಲ್ ತಲುಪಿದ್ದಳು. ಹೇಗೆ ಸಾಧ್ಯವಾಯಿತು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದಳು: ‘ನಮ್ಮ ಮಾವ.’

ಮಾವ ಎಂದರೆ ಅಮ್ಮನ ತಮ್ಮ. ಒಂದು ಕಾಲದಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು. ಅಕ್ಕನ ಮಗಳು ಗೋಡೆಗೆ ಚೆಂಡು ಹೊಡೆಯುವುದನ್ನು ಕಂಡು, ಇದರಲ್ಲಿ ಏನೋ ಇದೆ ಅಂತ ಆ ಕೆಲಸ ಬಿಟ್ಟು ಅವಳ ಬೆನ್ನಿಗೆ ಬಿದ್ದವನು. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ‘ಮಾಡ್ಕೊಂಡಿದ್ರೆ ಅವಳನ್ನೂ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಡಿಸ್ತಿದ್ದೆ, ಬಚಾವಾದ್ಲು’ ಎಂದು ತಾನೇ ನಗುತ್ತಿದ್ದ. ಯಾವ ಊರಿನ ಯಾವ ಕೋರ್ಟೇ ಇರಲಿ, ಮೂಲೆಯ ಮೊದಲ ಸಾಲಿನಲ್ಲಿ ಅಮ್ಮನ ಎಡಗಡೆಯ ಕುರ್ಚಿ ಅವನದು. ಟೋಪಿ ತಲೆಯ ಮೇಲಲ್ಲ, ತೊಡೆಯ ಮೇಲೆ. ಹೋದ ವರ್ಷ ಹೆಸರುವಾಸಿಯಾದ ಕೋಚೊಬ್ಬರು ತಾವಾಗಿ ಫೋನ್ ಮಾಡಿ ‘ನನ್ನ ಹತ್ತಿರ ಬನ್ನಿ’ ಎಂದಾಗ ದೊಡ್ಡಕ್ಕ ಎರಡನೇ ಮಾತಿಲ್ಲದೆ ಬೇಡ ಅಂದಿದ್ದಳು. ಮಾವನಿಗೆ ಆ ಸುದ್ದಿಯನ್ನೂ ಹೇಳಿರಲಿಲ್ಲ, ಪಾಪ, ಮನಸ್ಸಿಗೆ ಹಚ್ಚಿಕೊಂಡಾನು ಅಂತ.

ಅವರಿಬ್ಬರ ನಡುವೆ ಒಂದು ಗುಟ್ಟಿತ್ತು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಮೊದಲ ಪಂದ್ಯ ಸೋತು, ಕೋರ್ಟಿನ ಮಣ್ಣು ತಟ್ಟುವ ರೋಲರ್ ನಿಲ್ಲಿಸುವ ಶೆಡ್ಡಿನ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಮ್ಮ ರಮಿಸಿ ಸೋತಳು, ಗದರಿಸಿ ಸೋತಳು. ಮಾವ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

“ಅತ್ತಿದ್ದು ಸಾಕಾ, ಇನ್ನೂ ಸ್ವಲ್ಪ ಬೇಕಾ?”

“ಇನ್ನೂ ಸ್ವಲ್ಪ ಬೇಕು.”

“ಆಗ್ಲಿ. ನಂಗೇನೂ ಅವಸರ ಇಲ್ಲ” ಎಂದು ಬಸ್ಸಿಗೆ ಕಾಯುವವನ ಹಾಗೆ ಕಾದ. ಅವಳ ಅಳು ಮುಗಿದ ಮೇಲೆ ಕೋರ್ಟಿಗೆ ಕರೆದುಕೊಂಡು ಹೋಗಿ ಕೆಂಪು ಮಣ್ಣಿನಲ್ಲಿ ಶೂ ತುದಿಯಿಂದ ಒಂದು ಗೇಣು ಗೆರೆ ಎಳೆಸಿದ. “ಇದು ನೀನು ಕಳ್ಕೊಂಡ ಪಾಯಿಂಟು. ನೋಡಿದ್ಯಾ? ಈಗ ಒರೆಸು. ಎಲ್ಲಿದೆ?” ಅವಳು ಒರೆಸಿದಳು. ಎಲ್ಲೂ ಇರಲಿಲ್ಲ. ಅಲ್ಲಿಂದ ಮುಂದೆ ಪಾಯಿಂಟು ಕೈತಪ್ಪಿ ತಲೆ ಕೆಟ್ಟಾಗಲೆಲ್ಲ ಗೆರೆ ಎಳೆದು ಒರೆಸುವಳು. ಎಂದಾದರೂ ಮರೆತರೆ ಮೂಲೆಯಿಂದ ಮಾವನ ದನಿ ಬರುತ್ತಿತ್ತು: ‘ಒರೆಸು!’ ಮಣ್ಣಿನ ಕೋರ್ಟಿನಲ್ಲಿ ಚೆಂಡಿನ ಗುರುತನ್ನು ಎಲ್ಲರೂ ಕಾಲಲ್ಲಿ ಉಜ್ಜುತ್ತಾರೆ, ಆದ್ದರಿಂದ ನೋಡುವವರಿಗೆ ಅದರಲ್ಲೇನೂ ವಿಶೇಷ ಕಾಣುತ್ತಿರಲಿಲ್ಲ. ಅದರ ಅರ್ಥ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು ಎಂದು ದೊಡ್ಡಕ್ಕ ನಂಬಿದ್ದಳು.

ಸೆಮಿಫೈನಲ್ಲಿನ ಎದುರಾಳಿ ಹತ್ತೊಂಬತ್ತರ ಹುಡುಗಿ. ಉದ್ದಕ್ಕೆ, ಸಣ್ಣಗೆ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳ ಹೆಸರು ಕಡ್ಡಿ. ಒಳ್ಳೆಯ ಹುಡುಗಿಯೇ. ಬೆಳಿಗ್ಗೆ ಕೂಡ ತಿಂಡಿಯ ಕೋಣೆಯಲ್ಲಿ ‘ಅಕ್ಕ, ಇವತ್ತು ನನ್ನ ಮೇಲೆ ಕರುಣೆ ಇರಲಿ’ ಎಂದು ಹಲ್ಲು ಕಿರಿದು ಹೋಗಿದ್ದಳು.

ಮೊದಲ ಸೆಟ್ಟನ್ನು ದೊಡ್ಡಕ್ಕ ಆರು-ನಾಲ್ಕರಿಂದ ಗೆದ್ದಳು. ಗೆದ್ದಳು ನಿಜ, ಸುಲಭಕ್ಕಲ್ಲ. ಅವಳು ಎರಡನೇ ಸರ್ವ್ ಮಾಡುವ ಹೊತ್ತಿಗೆ ಕಡ್ಡಿ ಒಂದು ಹೆಜ್ಜೆ ಎಡಕ್ಕೆ ಸರಿದು ಸರಿಯಾಗಿ ಚೆಂಡು ಬರುವಲ್ಲೇ ನಿಂತಿರುತ್ತಿದ್ದಳು. ಪಾಠ ಓದಿಕೊಂಡು ಬಂದಿದೆ ಹುಡುಗಿ ಎಂದು ದೊಡ್ಡಕ್ಕನಿಗೆ ಮೆಚ್ಚುಗೆಯೇ ಆಯಿತು. ಪಾಠ ಹೇಳಿಕೊಟ್ಟ ಮೇಷ್ಟ್ರು ಯಾರೆಂದು ಯೋಚಿಸುವ ಕಷ್ಟ ತೆಗೆದುಕೊಳ್ಳಲಿಲ್ಲ.

ಎರಡನೇ ಸೆಟ್ಟು ಮೂರು-ಮೂರು. ಸರ್ವ್ ಕಡ್ಡಿಯದು. ಅವಳು ನಿಂತಿದ್ದು ದೊಡ್ಡಕ್ಕನ ಮನೆಯವರು ಕೂತ ಮೂಲೆಯ ಕೆಳಗೇ. ಒಂದು ಸರ್ವ್ ನೆಟ್ಟಿಗೆ, ಇನ್ನೊಂದು ಗೆರೆಯಾಚೆ. ಡಬಲ್ ಫಾಲ್ಟ್. ಪಾಯಿಂಟು ದೊಡ್ಡಕ್ಕನದಾಯಿತು. ಜನ ‘ಛೆ’ ಎಂದು ಸುಮ್ಮನಾದರು, ಆ ಮೌನದಲ್ಲಿ ಮೂಲೆಯಿಂದ ದನಿ ಬಂತು:

“ಒರೆಸು!”

ಡ್ರಿಲ್ ಮೇಷ್ಟ್ರ ಗಂಟಲು. ಮೈದಾನದ ಆ ತುದಿಯಿಂದ ಈ ತುದಿಗೆ ಕೇಳುವಂಥದ್ದು. ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದ, ಅಂಗೈಯಿಂದ ಗಾಳಿಯನ್ನು ಒರೆಸುತ್ತಿದ್ದ. ದೊಡ್ಡಕ್ಕನಿಗೆ ಮೊದಲು ತಿಳಿಯಲಿಲ್ಲ. ಪಾಯಿಂಟು ಗೆದ್ದವಳು ತಾನು, ಒರೆಸಲು ತನಗೇನಿದೆ? ಅಷ್ಟರಲ್ಲಿ ಕಡ್ಡಿ, ತಲೆಯನ್ನೂ ಎತ್ತದೆ, ಶೂ ತುದಿಯಿಂದ ಒಂದು ಗೇಣು ಗೆರೆ ಎಳೆದಳು. ಒರೆಸಿದಳು. ತಿರುಗಿದಳು. ಮುಖ ತಿಳಿಯಾಗಿತ್ತು.

ದೊಡ್ಡಕ್ಕ ಮೂಲೆಯ ಕಡೆ ನೋಡಿದಳು. ಮಾವ ಕೂತುಬಿಟ್ಟಿದ್ದ. ತೊಡೆಯ ಮೇಲಿನ ಟೋಪಿ ತಲೆಗೆ ಹೋಗಿ ಕಣ್ಣಿನವರೆಗೂ ಇಳಿದಿತ್ತು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜುತ್ತಿದ್ದಳು, ಗಾಜಿನಲ್ಲಿ ಕೊಳೆಯೇನೂ ಇರಲಿಕ್ಕಿಲ್ಲ.

ಆಮೇಲಿನ ಆಟವನ್ನು ಆಟ ಎನ್ನುವಂತಿಲ್ಲ. ಪಾಯಿಂಟುಗಳು ಒಂದರ ಹಿಂದೊಂದು ಹೋದವು. ಅಭ್ಯಾಸಬಲದಿಂದ ಕಾಲು ಗೆರೆ ಎಳೆಯಲು ಹೋಗುತ್ತಿತ್ತು, ಎಳೆಯುವ ಮೊದಲೇ ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಯಾರದೋ ಎಂಜಲು ಮುಟ್ಟಿದಷ್ಟು ಹೇಸಿಗೆಯಾಗುತ್ತಿತ್ತು. ಸರ್ವಿನ ಗುಟ್ಟು ಹೇಳಿಕೊಟ್ಟಿದ್ದರೆ ಹಾಳಾಗಿ ಹೋಗಲಿ, ಅದು ಕಸುಬು, ವಿಡಿಯೋ ನೋಡಿ ಯಾರಾದರೂ ಕಂಡುಹಿಡಿದಾರು. ಆದರೆ ಶೆಡ್ಡಿನ ಹಿಂದೆ ಅತ್ತ ಒಂಬತ್ತು ವರ್ಷದ ಹುಡುಗಿಯನ್ನೇ ಎತ್ತಿ ಇನ್ನೊಬ್ಬಳ ಕೈಗೆ ಕೊಟ್ಟುಬಿಡುವುದೇ? ಎರಡನೇ ಸೆಟ್ಟು ಕಡ್ಡಿಯ ಪಾಲಾಯಿತು.

ಮೂರನೇ ಸೆಟ್ಟಿನ ನಡುವೆ ಬದಿ ಬದಲಾಯಿಸುವ ವಿರಾಮದಲ್ಲಿ ಅವಳು ಬೆಂಚಿನ ಮೇಲೆ ಕೂರಲಿಲ್ಲ. ನೆಟ್ಟಗೆ ಮೂಲೆಗೆ ನಡೆದಳು.

“ಯಾವತ್ತಿಂದ?”

“ಪುಟ್ಟಿ, ಈಗ ಆಟ ನೋಡು. ಆಮೇಲೆ ಮಾತಾಡೋಣ.”

“ಯಾವತ್ತಿಂದ, ಮಾವ?”

ಮಾವ ಟೋಪಿ ಸರಿಮಾಡಿಕೊಂಡ. ಉತ್ತರ ಕೊಟ್ಟಿದ್ದು ಅಮ್ಮ. “ಅವನನ್ನ ಬೈಬೇಡ. ಹೇಳ್ಬೇಡ ಅಂದಿದ್ದು ನಾನೇ. ಟೂರ್ನಮೆಂಟ್ ಒಂದು ಮುಗೀಲಿ ಅಂತ…”

“ನಿಂಗೂ ಗೊತ್ತಿತ್ತಾ ಅಮ್ಮ?”

ಅಮ್ಮ ಮತ್ತೆ ಕನ್ನಡಕ ತೆಗೆದಳು.

“ಮುಂದಿನ ಸೀಸನ್‌ಗೆ ಆ ಹುಡುಗಿಗೆ ಕೋಚ್ ಆಗೋಕೆ ಒಪ್ಕೊಂಡಿದೀನಿ” ಅಂದ ಮಾವ ಮೆಲ್ಲಗೆ. “ನೀನು ನಿಲ್ಲಿಸಿದ ಮೇಲೆ ನಾನು ಮನೇಲಿ ಕೂತು ಗಡಿಯಾರ ನೋಡ್ಲಾ? ನಂಗೆ ಬೇರೆ ಏನು ಬರುತ್ತೆ ಹೇಳು?”

“ನಿಲ್ಲಿಸ್ತೀನಿ ಅಂತ ನಾನು ಯಾವಾಗ ಹೇಳ್ದೆ?”

ಅಮ್ಮನೂ ಮಾವನೂ ಮುಖ ಮುಖ ನೋಡಿಕೊಂಡರು. ಇವರಿಬ್ಬರೂ ಸೇರಿ ತನ್ನ ಆಟ ಮುಗಿಯಿತೆಂದು ತೀರ್ಮಾನ ಮಾಡಿ ಎಷ್ಟೋ ದಿನವಾಗಿದೆ ಎಂದು ಅವಳಿಗೆ ಆಗ ಹೊಳೆಯಿತು. ಪ್ರತಿ ಬೆಳಿಗ್ಗೆ ಮೊಣಕಾಲಿಗೆ ಪಟ್ಟಿ ಸುತ್ತುವಾಗ ‘ನೀನಿನ್ನೂ ಆಡ್ತೀಯ ಬಿಡು ಪುಟ್ಟಿ’ ಎನ್ನುತ್ತಿದ್ದವನು ಇವನೇ.

“ಹಾಗಿದ್ರೆ ಇಲ್ಯಾಕೆ ಕೂತಿದೀರಿ? ಎದ್ದು ಆ ಕಡೆ ಹೋಗಿ ಕೂತ್ಕೊಳ್ಳಿ.”

ಸಿಟ್ಟಿನಲ್ಲಿ ಆಡಿದ ಮಾತು. ‘ಮನೆ ಬಿಟ್ಟು ಹೋಗ್ತೀನಿ’ ಅನ್ನುವ ಮಗು ಬಾಗಿಲಲ್ಲೇ ನಿಂತು ಯಾರಾದರೂ ತಡೆಯಲಿ ಎಂದು ಕಾಯುತ್ತದಲ್ಲ, ಅಂಥ ಮಾತು. ‘ಬಾಯಿ ಮುಚ್ಕೊಂಡು ಹೋಗಿ ಸರ್ವ್ ಮಾಡು’ ಎಂದು ಮಾವ ಗದರಿಸಿದ್ದರೆ ಅವಳು ಅರ್ಧ ಕ್ಷಮಿಸಿಯೇ ಬಿಡುತ್ತಿದ್ದಳೇನೋ. ಅಂಪೈರ್ ‘ಟೈಮ್’ ಎಂದರು. ಅವಳು ತಿರುಗಿದಳು.

ಒಂದು ಗೇಮ್ ಆದ ಮೇಲೆ ಮೂಲೆಯ ಕಡೆ ಕಣ್ಣು ಹಾಯಿಸಿದರೆ ಅಮ್ಮನ ಎಡಗಡೆ ಕುರ್ಚಿ ಖಾಲಿ. ಅಯ್ಯೋ, ನಾಲ್ಕು ಜನರ ಮುಂದೆ ವಯಸ್ಸಾದವನಿಗೆ ಹಾಗನ್ನಬಾರದಿತ್ತು, ಎಲ್ಲಿ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಾನೋ. ಪಂದ್ಯ ಮುಗಿದ ಕೂಡಲೇ ಹುಡುಕಿಕೊಂಡು ಹೋಗಬೇಕು, ಮೊದಲು ತಬ್ಬಿಕೊಂಡು ಆಮೇಲೆ ಜಗಳ ಆಡಬೇಕು ಅಂದುಕೊಂಡಳು.

ಮುಂದಿನ ವಿರಾಮದಲ್ಲಿ ನೀರು ಕುಡಿಯುತ್ತ ಸುಮ್ಮನೆ ಎದುರಿನ ಮೂಲೆ ನೋಡಿದಳು. ಕಡ್ಡಿಯ ಅಮ್ಮ ಪಕ್ಕದ ಕುರ್ಚಿಯಿಂದ ತನ್ನ ಚೀಲ ಎತ್ತಿ ಕಾಲ ಬಳಿ ಇಟ್ಟುಕೊಂಡು ಜಾಗ ಮಾಡಿಕೊಡುತ್ತಿದ್ದಳು. ಮಾವ ಕೂತ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಹೋಗು ಅಂದಳು, ಹೋದ. ಅಷ್ಟೇ. ಕಾಯುತ್ತಿದ್ದವನಿಗೆ ಅಪ್ಪಣೆ ಸಿಕ್ಕಿತ್ತು.

ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಎದ್ದಳು. ಮಾವನಿಗೆ ಡ್ರಾಪ್ ಶಾಟ್ ಎಂದರೆ ಆಗುತ್ತಿರಲಿಲ್ಲ. ನೆಟ್ಟಿನ ಪಕ್ಕ ಚೆಂಡನ್ನು ಮೆತ್ತಗೆ ಬೀಳಿಸುವ ಆ ಹೊಡೆತವನ್ನು ‘ಸೋಮಾರಿಗಳ ಕೆಲಸ’ ಎಂದು ಬೈದು ಚಿಕ್ಕಂದಿನಲ್ಲೇ ಬಿಡಿಸಿದ್ದ. ಈಗ ಅವಳು ಅದನ್ನೇ ಹೊಡೆದಳು. ಮತ್ತೆ ಹೊಡೆದಳು. ಸರ್ವನ್ನು ಇಷ್ಟು ವರ್ಷ ಕಳಿಸದ ಕಡೆಗೆಲ್ಲ ಕಳಿಸಿದಳು. ಮಾವ ಕಡ್ಡಿಗೆ ಹೇಳಿಕೊಟ್ಟಿದ್ದ ದೊಡ್ಡಕ್ಕನೇ ಬೇರೆ, ಎದುರಿಗೆ ನಿಂತವಳೇ ಬೇರೆ. ಹುಡುಗಿ ಕಕ್ಕಾಬಿಕ್ಕಿಯಾಗಿ ಪದೇಪದೇ ತನ್ನ ಕಡೆಯ ಮೂಲೆ ನೋಡುತ್ತಿದ್ದಳು. ಅಲ್ಲಿ ಕೂತವನೂ ಈ ದೊಡ್ಡಕ್ಕನನ್ನು ಮೊದಲ ಸಲ ನೋಡುತ್ತಿದ್ದ. ಏಳು-ಐದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡಕ್ಕ ಫೈನಲ್ಲಿಗೆ ಹೋದಳು.

ನೆಟ್ಟಿನ ಬಳಿ ಕೈ ಕೊಡಲು ಬಂದ ಕಡ್ಡಿಯ ಕಣ್ಣಲ್ಲಿ ನೀರು ತುಂಬಿತ್ತು. “ಅಕ್ಕ, ಫೈನಲ್ಲೂ ನೀವೇ ಗೆಲ್ಬೇಕು. ಆಮೇಲೆ… ಥ್ಯಾಂಕ್ಸ್ ಅಕ್ಕ. ಇಷ್ಟು ದಿನ ಹೇಳೋಕೆ ಮುಜುಗರ ಆಗ್ತಿತ್ತು.”

“ಯಾತಕ್ಕೆ?”

“ಸರ್‌ನ ಬಿಟ್ಟುಕೊಟ್ರಲ್ಲ. ನೀವೇ ‘ಹೋಗಿ ಆ ಹುಡುಗೀನ ನೋಡ್ಕೊಳ್ಳಿ’ ಅಂದ್ರಂತೆ. ಇಲ್ದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ, ದೇವರಾಣೆ.”

ದೊಡ್ಡಕ್ಕ ಆ ಮುಖವನ್ನು ನೋಡಿದಳು. ಅದರಲ್ಲಿ ಕಪಟವಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಈ ಹುಡುಗಿಯಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. “ಚೆನ್ನಾಗಿ ಆಡ್ದೆ” ಎಂದು ಬೆನ್ನು ತಟ್ಟಿದಳು.

ಮೈಕು ಹಿಡಿದು ಬಂದವರು ಗೆಲುವಿನ ಗುಟ್ಟು ಕೇಳಿದರು. ‘ನಮ್ಮ ಮಾವ’ ಎಂದು ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿ, “ಮೊಣಕಾಲು ಕೈಕೊಡಲಿಲ್ಲ” ಅಂದಳು. ಜನ ನಕ್ಕರು.

ಸ್ನಾನದ ಕೋಣೆಗೆ ಹೋಗುವ ದಾರಿ ಒಂದು ಉದ್ದದ ಓಣಿ. ಗೋಡೆಗೆ ಹೊಸ ಸುಣ್ಣದ ವಾಸನೆ, ಒಂದು ಬದಿಯಲ್ಲಿ ಒದ್ದೆ ಟವೆಲ್ಲುಗಳ ಬುಟ್ಟಿಗಳು. ಚೀಲ ಹೆಗಲಿಗೇರಿಸಿ ಹೋಗುತ್ತಿದ್ದವಳಿಗೆ ಅರ್ಧ ತೆರೆದ ಬಾಗಿಲಿನಾಚೆ ಯಾರೋ ಬಿಕ್ಕುವುದು ಕೇಳಿಸಿತು. ಕಡ್ಡಿ. ದಾಟಿ ಹೋಗಬೇಕೆಂದು ಕಾಲು ಎತ್ತಿದಳು. ಒಳಗಿನಿಂದ ಆ ದನಿ ಬಂತು, ಈಗ ಡ್ರಿಲ್ ಮೇಷ್ಟ್ರದಲ್ಲ, ತುಂಬ ಮೆತ್ತಗೆ:

“ಅತ್ತಿದ್ದು ಸಾಕಾ, ಇನ್ನೂ ಸ್ವಲ್ಪ ಬೇಕಾ?”

ಹುಡುಗಿ ಮೂಗೊರೆಸಿಕೊಂಡು, ಅಳುವಿನ ನಡುವೆಯೇ ಸಣ್ಣಗೆ ನಕ್ಕಳು. “ಸಾಕು ಸರ್.”

ಓಣಿಯಲ್ಲಿ ನಿಂತಿದ್ದ ದೊಡ್ಡಕ್ಕನ ತುಟಿಗಳು ಅಲುಗಿದವು. ಇನ್ನೂ ಸ್ವಲ್ಪ ಬೇಕು ಎಂದಳು, ಯಾರಿಗೂ ಕೇಳಿಸದ ಹಾಗೆ.