ತೂಕದಕ್ಕ ಹೊಗಳಿದ ಮನೆ

ಮನೆಮನೆಗೆ ಹೋಗಿ ಹಸುಗೂಸುಗಳ ತೂಕ ನೋಡುವುದು, ಬಾಣಂತಿಯರ ಕಷ್ಟಸುಖ ವಿಚಾರಿಸುವುದು ಅವಳ ಕೆಲಸ. ಆ ಕಟ್ಟಡದವರಿಗೆಲ್ಲ ಅವಳು ತೂಕದಕ್ಕ. ಬರುವ ದಿನವನ್ನು ಮೊದಲೇ ತಿಳಿಸದೆ ಯಾರ ಬಾಗಿಲನ್ನೂ ತಟ್ಟಿದವಳಲ್ಲ. ಇಂದು ಮಾತ್ರ, ಕಳೆದ ಸಲ ಮೇಲಿನ ಮನೆಯಲ್ಲಿ ಮರೆತು ಬಿಟ್ಟಿದ್ದ, ಮಗುವನ್ನು ಮಲಗಿಸಿ ತೂಗುವ ತಕ್ಕಡಿಯ ಜೋಲಿಗಾಗಿ ಹೇಳದೆ ಬಂದಳು.

ಬಾಗಿಲು ತೆರೆದ ಬಾಣಂತಿ ಅಲ್ಲೇ ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಕುರ್ಚಿಯಿಂದ ನೆಲದವರೆಗೂ ಒಗೆಯದ ಬಟ್ಟೆ, ಸಿಂಕಿನ ತುಂಬ ಪಾತ್ರೆ. ಹೆಗಲ ಮೇಲೆ ಮಗು ಬಿಕ್ಕುತ್ತಿತ್ತು.

"ನಾಳೆ ಬರ್ತೀರಲ್ಲ ಅಂತ ಸಂಜೆ ತೊಳೆಯೋಣ ಅಂದ್ಕೊಂಡಿದ್ದೆ ಅಕ್ಕ."

"ನನಗೋಸ್ಕರನಾ?"

"ನೀವೇ ಅಂದ್ರಲ್ಲ, ನನ್ನ ಮನೆ ಕನ್ನಡಿ ಹಾಗಿದೆ ಅಂತ."

ತೂಕದಕ್ಕ ಮಗುವನ್ನು ಎತ್ತಿಕೊಳ್ಳುವಾಗ ಬಾಣಂತಿಯ ತೋಳು ಕೈಗೆ ತಗುಲಿತು. ಕೆಂಡದಂತಿತ್ತು. ಹಾಲು ಕಟ್ಟಿ ಎದೆ ಗಟ್ಟಿಯಾಗಿ ನೋಯುತ್ತಿದೆಯಂತೆ. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದಾನೆ.

"ಕೆಳಮನೆ ದೊಡ್ಡಮ್ಮ ದಿನಾ ಬರ್ತಿದ್ರಲ್ಲ?"

"ಈಗ ಬರಲ್ಲ. ಮೇಲಿನ ಮನೆ ನೋಡಿ ಕಲಿ ಅಂತ ನೀವು ಅವರ ಸೊಸೆಗೆ ಹೇಳಿದ್ರಂತೆ. ಅಷ್ಟು ಚೊಕ್ಕ ಇಡೋಳಿಗೆ ನನ್ನ ಕೈ ಯಾಕೆ ಬೇಕು ಅಂದ್ರು."

ತೂಕದಕ್ಕ ಹುರಿದುಂಬಿಸೋಣವೆಂದು ಆಡಿದ ಮಾತು ಈ ಹುಡುಗಿಗಿದ್ದ ಒಂದೇ ಆಸರೆಯನ್ನು ಕಿತ್ತುಕೊಂಡಿತ್ತು.

"ನಡಿ, ಡಾಕ್ಟರ ಹತ್ರ ಹೋಗೋಣ. ವಾಪಸ್ ಬಂದ ಮೇಲೆ ನಿನ್ನ ಜೊತೆ ಯಾರಾದ್ರೂ ಇರ್ಬೇಕು. ದೊಡ್ಡಮ್ಮನ್ನ ಕರೀತೀನಿ."

"ಬೇಡ ಅಕ್ಕ. ಅವರಿಗೆ ಮಾತ್ರ ಈ ಗಲೀಜು ತೋರಿಸ್ಬೇಡಿ."

ಆದರೂ ತೂಕದಕ್ಕ ಮಗುವನ್ನು ತಾಯಿಯ ಕೈಗಿತ್ತು ಮೆಟ್ಟಿಲಿಳಿದಳು. ಇದೂ ತಪ್ಪೇ ಇರಬಹುದು ಎಂದುಕೊಳ್ಳುತ್ತಲೇ ಇಳಿದಳು.

"ಏನು, ನಮ್ಮನೆ ಧೂಳು ತೂಕ ಹಾಕೋಕೆ ಬಂದ್ರಾ?" ಬಟ್ಟೆ ಮಡಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತಲಿಲ್ಲ.

"ತಪ್ಪು ನಂದು ದೊಡ್ಡಮ್ಮ. ಆ ಮನೆ ಚೊಕ್ಕ ಇರೋದು ನಾನು ಬರೋ ದಿನ ಮಾತ್ರ. ಮೈ ಸುಡ್ತಿದ್ರೂ ನನಗೋಸ್ಕರ ನೆಲ ಒರೆಸೋಕೆ ಹೊರಟಿದ್ದಾಳೆ."

ದೊಡ್ಡಮ್ಮನ ಕೈ ನಿಂತಿತು. ಎದ್ದು ಚಪ್ಪಲಿ ಮೆಟ್ಟಿದರು.

ಮೇಲೆ ಬಾಣಂತಿ ತೂಕದಕ್ಕನನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು. ದೊಡ್ಡಮ್ಮ ಬಟ್ಟೆರಾಶಿಯನ್ನು ಕಾಲಿಂದ ಸರಿಸಿ ಮಗುವಿಗೆ ಕೈ ಚಾಚಿದರು.

"ಇದೇನಾ ಆ ಕನ್ನಡಿ? ಇದ್ರಲ್ಲಿ ನನ್ನ ಮನೇನೂ ಕಾಣ್ತಿದೆಯಲ್ಲೇ."

ಬಾಣಂತಿ ನಗಲು ಹೋಗಿ ಅತ್ತಳು. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಮುಂದೆ ನಡೆದರು.

ಮೆಟ್ಟಿಲಿಳಿಯುವಾಗ ಬಾಣಂತಿ ತೂಕದಕ್ಕನ ತೋಳಿಗೆ ಒರಗಿದಳು. ತೂಕದಕ್ಕ ಕೇಳಿದಳು: "ಇನ್ಮೇಲೆ ಹೇಳದೇ ಬರ್ಲಾ?"

"ಹೇಳಿ ಬನ್ನಿ, ಹೇಳದೇ ಬನ್ನಿ," ಎಂದಳು ಅವಳು. "ಹೊಗಳದೇ ಬನ್ನಿ."