ಟೀಚರು ರೂಮಿಗೆ ಕರೆದರು

ಅಮೆರಿಕದ ಮಾರ್ಗನ್ ಹಿಲ್‌ನ ನಿವೇದಿತಾ ಮಂಗಳವಾರ ಮಧ್ಯಾಹ್ನ ಕಾಲೇಜಿನಿಂದ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಎಸೆದು ಅತ್ತೆಯ ಎದುರು ಕೂತಳು.

"ಅತ್ತಿ, ನಾ ಇನ್ನ ಕಾಲೇಜಿಗೆ ಹೋಗಂಗಿಲ್ಲ."

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಬಂಗಾರೆವ್ವ ಕೈ ನಿಲ್ಲಿಸಿದರು. "ಯಾಕವಾ, ಏನಾತು?"

"ಟೀಚರ್ ನನ್ನ ರೂಮಿಗೆ ಕರದಾರ. ಗುರುವಾರ ಬಾ ಅಂದಾರ."

ಬಂಗಾರೆವ್ವ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. "ಅಯ್ಯ ಶಿವನ! ಏನ್ ತಪ್ಪ ಮಾಡಿದಿ?"

ನಗಬೇಡಿ. ನಮ್ಮ ಕಡೆಯವರನ್ನು ಯಾರನ್ನಾದರೂ ಕೇಳಿ ನೋಡಿ. ಮೇಷ್ಟ್ರು ರೂಮಿಗೆ ಕರೆದರು ಅಂದರೆ ಒಂದೋ ಬೈಗುಳ, ಇಲ್ಲವೇ "ನಾಳೆ ಅಪ್ಪನ್ನ ಕರಕೊಂಡು ಬಾ" ಅನ್ನುವ ಅಪ್ಪಣೆ. ಹೈಸ್ಕೂಲಿಗೆ ಹೋಗುವ ಮಗಳಿರುವ ನಿವೇದಿತಾ, ಫ್ರೀವೇಯಲ್ಲಿ ಧೈರ್ಯವಾಗಿ ಕಾರು ಓಡಿಸುವವಳು, ಆ ಒಂದು ಮಾತಿಗೆ ಆರನೇ ಕ್ಲಾಸಿನ ಹುಡುಗಿಯಾಗಿಬಿಟ್ಟಿದ್ದಳು.

ನಿವೇದಿತಾಳಿಗೆ ಡೇಕೇರಿನಲ್ಲಿ ಟೀಚರ್ ಆಗುವ ಆಸೆ. ಚಿಕ್ಕ ಮಕ್ಕಳೆಂದರೆ ಪ್ರಾಣ. ಅದಕ್ಕೆಂದೇ ಯಾವ ವಯಸ್ಸಿನವರೂ ಸೇರಬಹುದಾದ ಹತ್ತಿರದ ಕಮ್ಯುನಿಟಿ ಕಾಲೇಜು ಸೇರಿದ್ದಳು. ಆದರೆ ಪಾಠ ಅರ್ಧ ತಲೆಗೆ ಹತ್ತುತ್ತಿರಲಿಲ್ಲ. ಕೈ ಎತ್ತಿ ಕೇಳೋಣವೆಂದರೆ ಅಕ್ಕಪಕ್ಕ ಕೂರುವವರೆಲ್ಲ ಹೆಚ್ಚುಕಡಿಮೆ ಮಗಳ ವಯಸ್ಸಿನವರು, ನಾಚಿಕೆ. ಮೊದಲ ಅಸೈನ್‌ಮೆಂಟಿಗೆ ಮಾರ್ಕ್ಸೂ ಕಡಿಮೆ ಬಂದಿತ್ತು. ಫೇಲ್ ಎಂದು ದಾಖಲಾಗದಂತೆ ಕ್ಲಾಸು ಬಿಡುವುದಾದರೆ ಈ ಶುಕ್ರವಾರವೇ ಕಡೆಯ ದಿನ. ಮಾನವಾಗಿ ಬಿಟ್ಟುಬಿಡುವುದೇ ವಾಸಿ ಎಂದು ತೀರ್ಮಾನಿಸಿದ್ದಳು. ಹಾಗೆ ಹೇಳುವಾಗ ಮಾತ್ರ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪಕ್ಕದ ಮನೆಯ ಊರ್ಮಿಳಾ ಹೆಪ್ಪು ಕೇಳಿಕೊಂಡು ಬಟ್ಟಲು ಹಿಡಿದು ಬಂದಳು. ಮೈಸೂರಿನವಳು. ಅದೇ ಕಾಲೇಜಿನಲ್ಲಿ ಕಲಿತು ಈಗ ಡೆಂಟಲ್ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್ ಆಗಿದ್ದಾಳೆ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ನಿವೇದಿತಾ, ಅದು ಬೈಯೋದಕ್ಕಲ್ಲ ಕಣ್ರೀ! ಆಫೀಸ್ ಅವರ್ಸ್ ಅಂತಾರೆ. ವಾರದಲ್ಲಿ ಇಂಥ ಹೊತ್ತು ಅಂತ ಟೀಚರ್ ರೂಮಲ್ಲಿ ಕೂತಿರ್ತಾರೆ. ಅರ್ಥ ಆಗದೇ ಇರೋದನ್ನ ಹೋಗಿ ಕೇಳ್ಬೇಕು. ನಮಗೋಸ್ಕರಾನೇ ಇಟ್ಟಿರೋ ಟೈಮು ಅದು."

ಬಂಗಾರೆವ್ವ ನಂಬಲಿಲ್ಲ. "ಸುಮ್ನ ಕರದು ಯಾರ್ ಕಲಿಸ್ತಾರವಾ? ಟ್ಯೂಷನ್ ರೊಕ್ಕ ಕೇಳ್ತಾರ ನೋಡು."

"ಒಂದು ಪೈಸಾನೂ ಕೇಳಲ್ಲಮ್ಮ. ನಾನು ಪಾಸಾಗಿದ್ದೇ ಹಂಗೆ ಹೋಗಿ ಹೋಗಿ ಕೇಳಿ."

"ಹಂಗಾದ್ರ ನಾನೂ ಬರ್ತೀನಿ. ಬೈದ್ರ ನಾ ಅದೀನಿ!"

ಗುರುವಾರ ಬಂಗಾರೆವ್ವ ಇಳಕಲ್ ಸೀರೆಯುಟ್ಟು, ಕಾಲಿಗೆ ಮೊಮ್ಮಗಳ ಹಳೇ ಶೂ ಹಾಕಿ ಹೊರಟರು. ಕೈಯಲ್ಲಿ ರವೆ ಉಂಡಿಯ ಡಬ್ಬಿ. ಅಕ್ಕೋರ ಸಿಟ್ಟು ಇಳಿಸಲು ಇರಲಿ ಎಂದು.

ಸಿಟ್ಟೇ ಇರಲಿಲ್ಲ. ಟೀಚರ್ ಗ್ಲೋರಿಯಾ ಇವರನ್ನು ಕಂಡ ಕೂಡಲೇ ಎದ್ದು ಬಂದು ಇನ್ನೊಂದು ಕುರ್ಚಿ ಎಳೆದುಕೊಟ್ಟರು. "ಕ್ಲಾಸಿನಲ್ಲಿ ನೀನು ಒಮ್ಮೆಯೂ ಮಾತಾಡಿಲ್ಲ. ಏನಾದರೂ ಕಷ್ಟವಿದೆಯಾ ಕೇಳೋಣವೆಂದು ಕರೆದೆ" ಎಂದರು ಇಂಗ್ಲಿಷಿನಲ್ಲಿ.

ನಿವೇದಿತಾ ತೊದಲುತ್ತಲೇ ಹೇಳಿಕೊಂಡಳು. ಆಟವಾಡುವ ಮಗುವನ್ನು ಗಮನಿಸಿ ಬರೆಯಬೇಕಿತ್ತು. ಅವಳು "ಜಾಣ ಮಗು, ಸ್ವಲ್ಪ ಹಟ" ಎಂದೆಲ್ಲ ಬರೆದಿದ್ದಳು. ಅದಕ್ಕೇಕೆ ಕಡಿಮೆ ಮಾರ್ಕ್ಸು?

"ಜಾಣ ಅಂತ ಹೇಗೆ ಗೊತ್ತಾಯಿತು? ಮಗು ಏನು ಮಾಡಿತು?"

"ಬ್ಲಾಕ್ ಮೇಲೆ ಬ್ಲಾಕ್ ಇಟ್ಟ. ಬಿತ್ತು. ದೊಡ್ಡದನ್ನು ಕೆಳಗಿಟ್ಟು ಮತ್ತೆ ಕಟ್ಟಿದ."

"ನೋಡಿದೆಯಾ, ಅದನ್ನೇ ಬರಿ! ಕಣ್ಣಿಗೆ ಕಂಡಿದ್ದು ಮೊದಲು, ನಿನ್ನ ಅಭಿಪ್ರಾಯ ಆಮೇಲೆ."

ಇಷ್ಟೇನಾ! ನಿವೇದಿತಾಳಿಗೆ ನಗುವೂ ಬಂತು, ತನ್ನ ಮೇಲೆ ಸಿಟ್ಟೂ ಬಂತು. ಸೋಮವಾರದೊಳಗೆ ಮತ್ತೆ ಬರೆದು ಕೊಡು ಎಂದರು ಟೀಚರ್.

ಬಾಗಿಲಾಚೆ ಬೇರೆ ಯಾರೂ ಕಾಯುತ್ತಿಲ್ಲದ್ದನ್ನು ನೋಡಿ ಬಂಗಾರೆವ್ವ ಸೊಸೆಯ ಮೊಣಕೈ ತಿವಿದರು. "ಉಳದ ಹುಡುಗ್ರು ಯಾಕ ಬಂದಿಲ್ಲಂತ ಕೇಳು."

"ಎಲ್ಲರಿಗೂ ಹೆದರಿಕೆ" ಎಂದರು ಗ್ಲೋರಿಯಾ, ನಿವೇದಿತಾ ಕೇಳಿದ್ದಕ್ಕೆ. "ನನಗೂ ಇತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು."

ಪಾರ್ಕಿಂಗ್ ಲಾಟಿಗೆ ಬಂದದ್ದೇ ಬಂಗಾರೆವ್ವ ಸೊಸೆಯನ್ನು ನಿಲ್ಲಿಸಿದರು. "ಆಕಿ ಬಾಗಲಾ ತಗದು ಕಾಯ್ಕೋತ ಕುಂತಾಳ, ನೀ ಓಡಿ ಹೋಗಾಕಿದ್ದಿ! ಇನ್ನ ಬಿಡೂ ಮಾತ ಆಡಬ್ಯಾಡ. ಸಂಜಿ ಅಡಿಗಿ ನಾ ಮತ್ತ ನನ್ನ ಮಗ ನೋಡ್ಕೋತೀವಿ. ನೀ ಓದು." ನಿವೇದಿತಾ ಅಲ್ಲೇ ಅತ್ತೆಯನ್ನು ತಬ್ಬಿಕೊಂಡಳು.

ಶುಕ್ರವಾರ ಬಂತು, ಹೋಯಿತು. ಅವಳು ಕ್ಲಾಸು ಬಿಡಲಿಲ್ಲ. ಮುಂದಿನ ಮಂಗಳವಾರ ಪಾಠದ ನಡುವೆ ಕೈ ಎತ್ತಿ, "ಇದು ನನಗೆ ಅರ್ಥವಾಗಲಿಲ್ಲ" ಎಂದಳು. ಹಿಂದಿನ ಸಾಲಿನಿಂದ ಮೂರು ದನಿ ಒಟ್ಟಿಗೆ ಕೇಳಿದವು: "ನನಗೂ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿರವೂ ಒಂದು ಕಮ್ಯುನಿಟಿ ಕಾಲೇಜು ಇದ್ದೇ ಇರುತ್ತದೆ. ಓದಲು ವಯಸ್ಸಾಯಿತು ಅನ್ನಬೇಡಿ. ಯಾವ ಕೋರ್ಸು, ಎಷ್ಟು ಫೀಸು, ನಿಮ್ಮ ವೀಸಾಗೆ ಏನು ನಿಯಮ, ಎಲ್ಲವನ್ನೂ ಅಲ್ಲಿನ ಕೌನ್ಸೆಲರ್ ಹತ್ತಿರ ಕೇಳಿ. ಸೇರಿದ ಮೇಲೆ ಪಾಠ ಅರ್ಥವಾಗದಿದ್ದರೆ ಬಿಟ್ಟು ಬರಬೇಡಿ, ಟೀಚರ್ ರೂಮಿನ ಬಾಗಿಲು ತಟ್ಟಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಯಾರೂ ಬೇಡ ಅನ್ನುವುದಿಲ್ಲ.