ಬೆನ್ನ ಹಿಂದಿನ ಬೆಲ್

ಅತ್ತೆಯ ಕೈಗೆ ಹಾಕಿದ ಪ್ಲಾಸ್ಟರ್ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲ ಕಟ್ಟಿ ಸ್ನಾನ ಮಾಡಿಸುವುದು ಹನ್ನೆರಡು ದಿನಗಳಿಂದ ನನ್ನ ಬೆಳಗಿನ ಮೊದಲ ಕೆಲಸವಾಗಿತ್ತು. ಆ ಕೈ ಮುರಿದವಳೂ ನಾನೇ. ಅವರು ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು. ನಾನು ಬೆನ್ನುಜ್ಜುತ್ತಾ ಮೆಲ್ಲಗೆ, "ತಪ್ಪಾಯ್ತು ಅತ್ತೆ" ಅನ್ನುತ್ತಿದ್ದೆ. ಅವರು ಉತ್ತರ ಕೊಡುತ್ತಿರಲಿಲ್ಲ. ನೀರು ಹಾಕುತ್ತಿದ್ದೆ, ಒರೆಸುತ್ತಿದ್ದೆ, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿರುತ್ತಿತ್ತು.

ನನ್ನದು ಬ್ಯಾಟರಿ ಸೈಕಲ್. ನಾವು ತುಳಿದರೆ ಮೋಟಾರು ಕೈಜೋಡಿಸುತ್ತದೆ, ತುಳಿಯದಿದ್ದರೆ ಅದೂ ಸುಮ್ಮನಿರುತ್ತದೆ. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು, ಮುಂದಿನ ಬುಟ್ಟಿಯಲ್ಲಿ ಅವಳ ಚೀಲ, ನನ್ನ ಡಬ್ಬಿ. ಕಾಲುವೆ ಪಕ್ಕದ ದಾರಿಯಲ್ಲಿ ಹೋಗಿ ಅವಳನ್ನು ಶಾಲೆಗೆ ಬಿಟ್ಟು, ಅದೇ ದಾರಿಯ ಕೊನೆಯಲ್ಲಿರುವ ಆಸ್ಪತ್ರೆಯ ಲಾಂಡ್ರಿಗೆ ಎಂಟಕ್ಕೆ ಸೇರಬೇಕು. ಆ ದಾರಿಗೆ ಮೋಟಾರು ಗಾಡಿಗಳು ಬರುವುದಿಲ್ಲ. ನಡೆಯುವವರು, ನಾಯಿ ಹಿಡಿದವರು, ಸೈಕಲ್ಲಿನವರು, ಅಷ್ಟೇ.

ಅತ್ತೆಯೂ ಅಲ್ಲೇ ನಡೆಯುತ್ತಿದ್ದರು, ಮಿಲ್ಲಿನಲ್ಲಿ ಜೊತೆಗೆ ಮಗ್ಗ ನಡೆಸಿದ ಮೂವರು ಗೆಳತಿಯರೊಂದಿಗೆ. ಮೂವರು ದಾರಿಯಗಲಕ್ಕೂ ಸಾಲಾಗಿ, ನಾಲ್ಕನೆಯವರು ಅವರ ಎದುರಿಗೆ ಹಿಮ್ಮುಖವಾಗಿ ನಡೆಯುತ್ತಾ ಮಾತಾಡುವರು. ಮಗಳು ಅವರಿಗೆ ರಿವರ್ಸಕ್ಕ ಅಂತ ಹೆಸರಿಟ್ಟಿದ್ದಳು. "ಮುಖ ನೋಡದೆ ಅದೆಂಥಾ ಮಾತು?" ಎನ್ನುವುದು ಅವರ ವಾದ. ಹಿಂದೆ ಬಂದ ಸೈಕಲ್ಲಿನವರು ಹಲ್ಲು ಕಚ್ಚಿಕೊಂಡು ಕಾಯಬೇಕು. ಆದರೂ ಈ ನಾಲ್ವರ ದೂರು ಒಂದೇ: "ಈ ಬ್ಯಾಟರಿಯವರು ಬೆಲ್ ಹೊಡೆಯೋದೇ ಇಲ್ಲ!"

ಆ ದಿನ ರಿವರ್ಸಕ್ಕ ಬಂದಿರಲಿಲ್ಲ. ನನಗೆ ತಡವಾಗಿತ್ತು. ಮುಂದೆ ಮೂರು ಬೆನ್ನುಗಳು. ಅಂಚಿನಲ್ಲಿದ್ದದ್ದು ನಮ್ಮತ್ತೆ. ಮೂರು ಸಲ ಬೆಲ್ ಹೊಡೆದೆ. ಅತ್ತೆ ತಲೆಯಾಡಿಸಿದರು. ಅದು ಗೆಳತಿಯ ಮಾತಿಗೆ ಆಡಿಸಿದ ತಲೆ ಎಂದು ನನಗೇನು ಗೊತ್ತು? ನಮ್ಮತ್ತೆಗೆ ನನ್ನ ಬೆಲ್ ಗೊತ್ತಿಲ್ಲವೇ ಅಂದುಕೊಂಡು ಪಕ್ಕದಿಂದ ನುಗ್ಗಿದೆ. ಅದೇ ಹೊತ್ತಿಗೆ ಅವರು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು. ಬುಟ್ಟಿ ಮೊಣಕೈಗೆ ತಾಗಿತು. ಕೈಯೂರಿ ಬಿದ್ದರು.

"ಬೆಲ್ ಹೊಡೆಯೋಕೂ ಆಗಲ್ವೇನೇ ನಿನಗೆ?" ಬಿದ್ದಲ್ಲಿಂದಲೇ ಅತ್ತೆ ಅಂದರು.

"ಮೂರು ಸಲ ಹೊಡೆದೆ ಅತ್ತೆ."

"ಹೌದಜ್ಜಿ, ಅಮ್ಮ ಹೊಡೆದ್ಲು," ಹಿಂದಿನ ಸೀಟಿನಿಂದ ಇಣುಕಿ ಮಗಳು.

"ಮಗೂಗೂ ಸುಳ್ಳು ಕಲಿಸಿದ್ದೀಯ."

ಆ ಮಾತು ಎದೆಗೆ ಚುಚ್ಚಿತು. ಬೇಕಂತಲೇ ಸರಿಯಲಿಲ್ಲ ಇವರು, ಸೊಸೆಗೇಕೆ ದಾರಿ ಬಿಡಬೇಕು ಎನ್ನುವ ಹಟ ಎಂದು ನನಗೂ ಅನ್ನಿಸಿಬಿಟ್ಟಿತು. ಅಂದಿನಿಂದ ಮನೆಯಲ್ಲಿ ಇಬ್ಬರಿಗೂ ಮಾತು ಬೇಕಾದಷ್ಟೇ. ಯಜಮಾನರನ್ನು ಕೇಳಿದರೆ, "ಅಡಕತ್ತರಿಯಲ್ಲಿ ನನ್ನ ಸಿಕ್ಕಿಸಬೇಡಿ," ಅಂತ ಶೂ ಹಾಕಿಕೊಂಡು ಹೊರಟೇಬಿಡುತ್ತಿದ್ದರು.

ಗೆಳತಿಯರು ಸುಮ್ಮನಿರಲಿಲ್ಲ. ಕಾಲುವೆ ದಾರಿಯಿಂದ ಬ್ಯಾಟರಿ ಸೈಕಲ್ ತೆಗೆಸಬೇಕು ಅಂತ ಅರ್ಜಿ ಬರೆದರು, ನೂರಾರು ಸಹಿ ಹಾಕಿಸಿದರು. ಮೊದಲ ಹೆಬ್ಬೆಟ್ಟು ಅತ್ತೆಯದೇ. ಸಹಿ ಮಾಡುವ ಕೈ ಪ್ಲಾಸ್ಟರಿನಲ್ಲಿತ್ತಲ್ಲ. ಶನಿವಾರ ವಾರ್ಡ್ ಕಚೇರಿಯಲ್ಲಿ ಸಭೆ.

ಆ ದಾರಿ ಹೋದರೆ ಉಳಿಯುವುದು ಲಾರಿ ರಸ್ತೆ. ಫುಟ್‌ಪಾತ್ ಇಲ್ಲ, ಲಾರಿ ಪಕ್ಕದಲ್ಲಿ ಹಾದರೆ ಸೈಕಲ್ಲು ಗಾಳಿಗೇ ಅಲುಗಾಡುತ್ತದೆ. ಮಗಳನ್ನು ಕೂರಿಸಿಕೊಂಡು ಆ ರಸ್ತೆಗೆ ನಾನು ಇಳಿಯಲಾರೆ. ಬಸ್ಸಿನಲ್ಲಾದರೆ ಅವಳನ್ನು ಶಾಲೆ ಮುಟ್ಟಿಸಿ ಎಂಟಕ್ಕೆ ಲಾಂಡ್ರಿ ಸೇರಲಾಗದು. ಅಂದರೆ ಕೆಲಸ ಬಿಡಬೇಕು. ಅತ್ತೆಗೂ ಇದು ಗೊತ್ತಿತ್ತು. ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿದ್ದರು.

ಗುರುವಾರ ಲಾಂಡ್ರಿಯಲ್ಲಿ ಐದೂ ಯಂತ್ರ ತಿರುಗುತ್ತಿದ್ದವು. ಬೆನ್ನು ಹಾಕಿ ಚಾದರ ಮಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಹಿಮ್ಮಡಿಗೆ ತಳ್ಳುಗಾಡಿ ಬಡಿಯಿತು. ಕಣ್ಣಲ್ಲಿ ನೀರೇ ಬಂತು. ತಿರುಗಿದರೆ, ಜೊತೆ ಕೆಲಸದವಳು ಗಾಬರಿಯಾಗಿ ನಿಂತಿದ್ದಾಳೆ.

"ಮೂರು ಸಲ ಕೂಗಿದೆ ಕಣೇ! ಕಿವುಡಿನಾ ನೀನು?"

"ಇಲ್ಲ, ನೀನು ಕೂಗಲಿಲ್ಲ," ಅಂದೆ. ಅಂದವಳು ಹಾಗೇ ನಿಂತುಬಿಟ್ಟೆ.

ನಾನು ಮದುವೆಯಾಗಿ ಬಂದ ವಾರ ಯಜಮಾನರು ಹೇಳಿಕೊಟ್ಟಿದ್ದ ಮೊದಲ ಪಾಠ ನೆನಪಾಯಿತು. "ನಮ್ಮಮ್ಮನ ಬೆನ್ನಿಗೆ ಮಾತಾಡಬೇಡ. ಎದುರಿಗೆ ಹೋಗಿ ನಿಂತು ಮಾತಾಡು. ಅದು ನಮ್ಮನೆ ಮರ್ಯಾದೆ." ಯಜಮಾನರು ಚಿಕ್ಕಂದಿನಿಂದ ಹಾಗೇ ಬೆಳೆದವರು. ನಾನೂ ಹಾಗೇ ನಡೆದೆ, ಮಗಳಿಗೂ ಅದನ್ನೇ ಕಲಿಸಿದೆ. ಅತ್ತೆ ಕರೆದರೆ ನಾವೇ ಹೋಗುತ್ತಿದ್ದೆವು, ಎದುರು ನಿಲ್ಲುತ್ತಿದ್ದೆವು. ಅವರು ನಮ್ಮ ತುಟಿ ನೋಡುತ್ತಿದ್ದರು. ಎಂಟು ವರ್ಷ ಒಂದೇ ಸೂರಿನಡಿ ಇದ್ದು, ಅದನ್ನು ಮರ್ಯಾದೆ ಅಂದುಕೊಂಡೇ ಕಳೆದಿದ್ದೆ.

ಆ ಮರ್ಯಾದೆ ಮುರಿದದ್ದು ಒಂದೇ ಕಡೆ. ಮುಖ ನೋಡಿ ಹೇಳಲಾಗದೆ, ಬಚ್ಚಲಿನಲ್ಲಿ, ಅವರ ಬೆನ್ನಿಗೆ.

ಮರುದಿನ ಬೆಳಿಗ್ಗೆ ಚೀಲ ಕಟ್ಟಿದ ಮೇಲೆ ಸ್ಟೂಲಿನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತೆ.

"ತಪ್ಪಾಯ್ತು ಅತ್ತೆ."

ಅವರು ನನ್ನ ಬಾಯಿಯನ್ನೇ ದಿಟ್ಟಿಸಿದರು.

"ಹದಿಮೂರು ದಿನ ಬೇಕಾಯ್ತಾ ನಿನಗೆ, ಇದೊಂದು ಮಾತಿಗೆ?"

ದಿನಾ ಹೇಳಿದ್ದೆ ಅನ್ನಲಿಲ್ಲ. "ಬೆಲ್ ನಿಮಗೆ ಕೇಳಿಸ್ಲಿಲ್ಲ ಅಲ್ವಾ ಅತ್ತೆ?" ಅಂದೆ.

"ನನ್ನ ಕಿವಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ. ನೀರು ಹಾಕು, ಆರಿಹೋಗ್ತಿದೆ." ಮುಖವನ್ನು ಪಕ್ಕದ ಗೋಡೆ ಕಡೆ ತಿರುಗಿಸಿದರು.

ಅಲ್ಲಿಗೆ ಬಿಟ್ಟೆ. ವಾದಿಸುವ ಶಕ್ತಿಯೂ ಇರಲಿಲ್ಲ. ಅವರಿಗೆ ಕಿವಿ ಕೇಳದು ಎಂದು ಸಭೆಯಲ್ಲಿ ಬಾಯಿಬಿಟ್ಟರೆ ದಾರಿ ಉಳಿಯಬಹುದಿತ್ತು. ಆದರೆ ಅಷ್ಟು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಊರ ಮುಂದೆ ಬಿಚ್ಚಲು ನಾನು ಯಾರು? ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಕೆಲಸ ಬಿಡುವ ಕಾಗದದಲ್ಲಿ ಏನು ಬರೆಯಬೇಕು ಅಂತ ಜೊತೆಯವಳನ್ನು ಕೇಳಿಯೂ ಬಿಟ್ಟೆ.

ಶನಿವಾರ ಕಚೇರಿಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿದ್ದರು. ಅತ್ತೆ ಮತ್ತು ಗೆಳತಿಯರು ಮುಂದಿನ ಸಾಲು. ನಾನು ಬಾಗಿಲ ಬಳಿ, ಮಗಳ ಕೈ ಹಿಡಿದು. ಅಧಿಕಾರಿ ತಲೆ ಎತ್ತದೆ, ಕಾಗದದ ಮೇಲೆ ಬಾಗಿಕೊಂಡೇ ಕೇಳಿದರು: "ಅಮ್ಮಾ, ಗಾಡಿ ತಾಗೋ ಮೊದಲು ಬೆಲ್ ಹೊಡೆದಿದ್ರಾ?"

ಅತ್ತೆ ಅವರ ನೆತ್ತಿಯನ್ನೇ ನೋಡುತ್ತಿದ್ದರು.

"ಅಮ್ಮಾ, ನಿಮ್ಮನ್ನೇ ಕೇಳ್ತಿರೋದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಅಜ್ಜಿ ನಿದ್ದೆ ಹೋದ್ರು ಅನ್ಸುತ್ತೆ." ಅತ್ತೆಯ ಕತ್ತು ಕೆಂಪೇರಿತು. ಗೋಡೆಗೊರಗಿದ ಜನ ನಗುವುದು ಅವರಿಗೆ ಕಾಣುತ್ತಿತ್ತು, ಯಾಕೆಂದು ತಿಳಿಯುತ್ತಿರಲಿಲ್ಲ.

ನನ್ನಿಂದ ನೋಡಲಾಗಲಿಲ್ಲ. ಹೋಗಿ ಅಧಿಕಾರಿಯ ಪಕ್ಕ, ಅತ್ತೆಗೆ ಎದುರಾಗಿ ನಿಂತೆ. ಧ್ವನಿಯಿಲ್ಲದೆ, ತುಟಿಯಷ್ಟೇ ಆಡಿಸಿ ಹೇಳಿದೆ: ನಾನು ಬೆಲ್ ಹೊಡೆದೆನಾ ಅಂತ ಕೇಳ್ತಿದ್ದಾರೆ. ಇಲ್ಲ ಅಂದರೆ ಇಲ್ಲ ಅನ್ನಿ ಅತ್ತೆ.

ಅತ್ತೆ ನನ್ನನ್ನೇ ನೋಡಿದರು. ನನಗೆ ತಿಳಿದಿದೆ ಎಂದು ಅವರಿಗೆ ತಿಳಿಯಿತು. ಯಾರಿಗೂ ಹೇಳಿಲ್ಲ ಎಂದೂ ತಿಳಿಯಿತು. ಪ್ಲಾಸ್ಟರಿನ ಕೈ ಹೊಟ್ಟೆಗಾನಿಸಿಕೊಂಡು ಎದ್ದು ನಿಂತರು.

"ಹೊಡೆದಿರ್ತಾಳೆ. ನಮ್ಮ ಸೊಸೆಗೆ ಸಿಟ್ಟಿದೆ, ಅವಸರ ಇದೆ. ಸುಳ್ಳಿಲ್ಲ. ಕೇಳಿಸದೇ ಇದ್ದಿದ್ದು ನನಗೆ. ಮೂವತ್ತೊಂದು ವರ್ಷ ಮಗ್ಗದ ಪಕ್ಕ ನಿಂತ ಕಿವಿ ಸ್ವಾಮಿ. ನನಗೆ ಮಾತ್ರ ಅಲ್ಲ, ಈ ಮೂರೂ ಜನಕ್ಕೂ ಅಷ್ಟೇ."

"ನಮ್ಮನ್ನ್ಯಾಕೆ ಎಳೀತೀಯೇ?" ರಿವರ್ಸಕ್ಕ ಎದ್ದರು.

"ನೀನು ಹಿಂದುಮುಂದಾಗಿ ನಡೆಯೋದು ಚಂದಕ್ಕಾ? ಕೂತ್ಕೋ."

ಈ ಸಲ ಎಲ್ಲರೂ ನಕ್ಕರು, ರಿವರ್ಸಕ್ಕನೂ ನಕ್ಕರು.

"ಆದ್ರೆ ಅವಳದ್ದೂ ತಪ್ಪಿದೆ," ಅತ್ತೆ ಬಿಡಲಿಲ್ಲ. "ಬೆಲ್ ಹೊಡೆದ್ರೆ ಮುಗೀತಾ? ಬೆನ್ನಿಗೆ ಕಣ್ಣಿದೆಯಾ? ಮಿಲ್ಲಲ್ಲಿ ಹಿಂದಿನಿಂದ ಬಂದು ಯಾರೂ ಯಾರನ್ನೂ ದಾಟ್ತಿರಲಿಲ್ಲ. ಎದುರಿಗಿರೋಳು ಕೈ ಎತ್ತಬೇಕು. ಕೆಲಸದೋಳು ಅದನ್ನ ನೋಡಿ ಸರೀಬೇಕು. ಕೈ ಕೆಳಗಿಳಿದ ಮೇಲೇ ದಾಟೋದು. ಅಲ್ಲೀವರೆಗೆ ರಾಜ ಬಂದ್ರೂ ನಿಲ್ಲಬೇಕು."

ಅಧಿಕಾರಿ ಮೊದಲ ಸಲ ತಲೆ ಎತ್ತಿ, ಅವರ ಮುಖ ನೋಡಿ, ನಿಧಾನವಾಗಿ ಮಾತಾಡಿದರು. ಮೂರು ತಿಂಗಳು ನೋಡೋಣ ಎಂದರು. ನಡೆಯುವವರ ಹಿಂದೆ ಬಂದಾಗ ಬ್ಯಾಟರಿ ಸೈಕಲ್ಲಿನವರು ಮೋಟಾರು ಆರಿಸಬೇಕು, ನಡಿಗೆಯ ವೇಗಕ್ಕೆ ಇಳಿಯಬೇಕು, ಮುಂದಿನವರು ನೋಡಿ ಸರಿದ ಮೇಲೆಯೇ ದಾಟಬೇಕು. ನಡೆಯುವವರು ದಾರಿಯ ಒಂದು ಬದಿ ಹಿಡಿಯಬೇಕು. ಇಷ್ಟನ್ನು ಹಲಗೆಯ ಮೇಲೆ ಬರೆಸಿದರು. ಹಲಗೆಯನ್ನು ಎಲ್ಲರೂ ಓದುವುದಿಲ್ಲ. ಈಗಲೂ ಕೆಲವರು ಬಾಣದ ಹಾಗೆ ಹೋಗುತ್ತಾರೆ, ರಿವರ್ಸಕ್ಕ ಅವರ ವಂಶವನ್ನೆಲ್ಲ ಜಾಲಾಡುತ್ತಾರೆ.

ಅತ್ತೆಯ ಪ್ಲಾಸ್ಟರ್ ಬಿಚ್ಚಿ ಮೂರು ವಾರವಾಯಿತು. ಮತ್ತೆ ನಡೆಯುತ್ತಿದ್ದಾರೆ. ಅವರ ಹಿಂದೆ ಬಂದಾಗ ನಾನು ಮೋಟಾರು ಆರಿಸುತ್ತೇನೆ. ಆರಿಸಿದ ಕೂಡಲೇ ಸೈಕಲ್ಲು ಸತ್ತ ಎಮ್ಮೆಯಷ್ಟು ಭಾರ. ಮಗಳ ಭಾರ, ಚೀಲದ ಭಾರ, ಮುಂಜಾನೆಯಿಂದ ನಿಂತ ಕಾಲುಗಳ ಭಾರ, ಎಲ್ಲ ಪೆಡಲಿಗೇ ಬರುತ್ತದೆ. ದಿನಾ ನಾಲ್ಕು ನಿಮಿಷ ತಡ. ಮೇಲ್ವಿಚಾರಕಿ ಗಡಿಯಾರ ತೋರಿಸುತ್ತಾಳೆ, ನಾನು ತಲೆ ತಗ್ಗಿಸಿ ಏಪ್ರನ್ ಕಟ್ಟಿಕೊಳ್ಳುತ್ತೇನೆ. ಐದು ನಿಮಿಷ ಮೊದಲು ಏಳಬಹುದು. ಏಳಲಾಗುತ್ತಿಲ್ಲ.

ಇವತ್ತೂ ರಿವರ್ಸಕ್ಕ ನಮ್ಮನ್ನು ಕಂಡು ಕೈ ಎತ್ತಿದರು. ಮೂರು ಬೆನ್ನುಗಳು ಒಂದು ಬದಿಗೆ ಸರಿದವು. ಕೈ ಇಳಿಯಿತು. ದಾಟುವಾಗ ಮಗಳು, "ಟಾಟಾ ಅಜ್ಜಿ!" ಅಂತ ಕೂಗಿದಳು.

"ಈಗಲ್ಲ ಪುಟ್ಟಾ," ಅಂದೆ. "ಮುಂದೆ ಹೋದ ಮೇಲೆ, ತಿರುಗಿ ಹೇಳು."

ನಾಲ್ಕು ಮಾರು ಮುಂದೆ ಹೋಗಿ ನಿಲ್ಲಿಸಿದೆ. ಅವಳು ಸೀಟಿನಲ್ಲೇ ತಿರುಗಿ, ಬಾಯಿ ಅಗಲಿಸಿ, ಸದ್ದಿಲ್ಲದೆ ಹೇಳಿದಳು. ಅತ್ತೆ ವಾಸಿಯಾದ ಕೈಯನ್ನು ಎತ್ತಿದರು. ಅದು ಇಳಿಯುವವರೆಗೆ ನಾನು ಮೋಟಾರು ಹಾಕಲಿಲ್ಲ.